ಕಾಗದದ ಪಟ್ಟಿ ಹೆಣಿಗೆ: ಶಾಲಾ ಕರಕುಶಲವೊಂದರ ಚರಿತ್ರೆ ಮತ್ತು ಮೈಸೂರು ಸೀಮೆಯ ನಾಲ್ಕು ತಾಲ್ಲೂಕುಗಳು

ಕರ್ನಾಟಕದ ಕರಕುಶಲ ಕಲೆಗಳನ್ನು ಕುರಿತ ಬರವಣಿಗೆಯಲ್ಲಿ ಕಾಗದಕ್ಕೆ ದೊರೆತ ಸ್ಥಾನ ಅತ್ಯಲ್ಪವಾದುದು. ಚನ್ನಪಟ್ಟಣದ ಅರಗಿನ ಬೊಂಬೆ, ಬೀದರಿನ ಲೋಹದ ಕುಸುರಿ, ಮೈಸೂರಿನ ಬೀಟೆಮರದ ಕೆಲಸ, ಮಲೆನಾಡಿನ ಗುಡಿಗಾರರ ಗಂಧದ ಕೆತ್ತನೆ ಇವು ವಿದ್ವಾಂಸರ ಗಮನವನ್ನು ಸೆಳೆದಿವೆ. ಪ್ರಾಥಮಿಕ ಶಾಲೆಯ ಮಗುವೊಂದು ಬಣ್ಣದ ಕಾಗದವನ್ನು ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೆ ಮತ್ತೊಂದರ ಕೆಳಗೆ ಹಾಯಿಸಿ ಮಾಡುವ ಅಂಗೈಯಗಲದ ಚಾಪೆ ಹಾಗೆ ಸೆಳೆದಿಲ್ಲ. ಕಾರಣಗಳನ್ನು ಹುಡುಕಬೇಕಾಗಿಲ್ಲ. ಅದು ಬಾಳಿಕೆ ಬರುವ ವಸ್ತುವಲ್ಲ, ಅದಕ್ಕೆ ಮಾರುಕಟ್ಟೆಯಿಲ್ಲ, ಅದನ್ನು ಕುಲಕಸುಬಾಗಿ ನಡೆಸಿಕೊಂಡು ಬಂದ ಸಮುದಾಯವಿಲ್ಲ. ಗೋಡೆಗೆ ಅಂಟಿಸಿದ ವರ್ಷ ಮುಗಿಯುವ ಮೊದಲೇ ಬಣ್ಣ ಮಾಸಿ ಕಸದ ಬುಟ್ಟಿ ಸೇರುವ ಈ ವಸ್ತುವಿಗೆ ಚರಿತ್ರೆಯೊಂದಿದೆ ಎಂಬುದೇ ಮೊದಲ ನೋಟಕ್ಕೆ ಅಚ್ಚರಿಯೆನಿಸಬಹುದು. ಆದರೆ ಶಾಲೆಯು ಶ್ರಮವನ್ನು ಹೇಗೆ ಕಂಡಿತು, ಮಗುವಿನ ಕೈಯಿಂದ ಏನನ್ನು ಬಯಸಿತು, ಯಾವ ಅರಿವನ್ನು ಒಳಗೆ ಬಿಟ್ಟುಕೊಂಡು ಯಾವುದನ್ನು ಹೊಸಿಲಾಚೆಯೇ ನಿಲ್ಲಿಸಿತು ಎಂಬ ಪ್ರಶ್ನೆಗಳಿಗೆ ಈ ಪುಟ್ಟ ಚಾಪೆಯಷ್ಟು ನೇರವಾದ ಸಾಕ್ಷಿ ದೊರೆಯುವುದು ಕಷ್ಟ.

ಮೈಸೂರು ಜಿಲ್ಲೆಯ ಪಶ್ಚಿಮದಂಚಿನ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು, ಈಚೆಗೆ ಪ್ರತ್ಯೇಕಗೊಂಡ ಸಾಲಿಗ್ರಾಮ ಮತ್ತು ಸರಗೂರು ತಾಲ್ಲೂಕುಗಳನ್ನೂ ಒಳಗೊಂಡ ಹಳೆಯ ಎಲ್ಲೆಯಲ್ಲಿ, ಈ ಚರ್ಚೆಗೆ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಕರ್ನಾಟಕದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳ ಸ್ವರೂಪವನ್ನೇ ಬದಲಿಸಿದ ನಲಿಕಲಿ ಪ್ರಯೋಗ ಆರಂಭವಾದದ್ದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಇದು ಮೊದಲನೆಯದು. ಬಿದಿರಿನ ಬುಟ್ಟಿ, ಈಚಲಿನ ಚಾಪೆ, ತೆಂಗಿನ ಗರಿಯ ತಟ್ಟಿ, ಹೊಗೆಸೊಪ್ಪಿನ ಕಡ್ಡಿ ಹೀಗೆ ಹೆಣೆಯುವ, ಕಟ್ಟುವ ಕೆಲಸಗಳು ಮನೆಯಂಗಳದಲ್ಲಿಯೇ ನಡೆಯುವ ಸೀಮೆ ಇದು ಎಂಬುದು ಎರಡನೆಯದು. ಶಾಲೆಯ ಕಾಗದದ ಚಾಪೆಯೂ ಅಂಗಳದ ಈಚಲು ಚಾಪೆಯೂ ಇಲ್ಲಿ ಮಾರು ದೂರದಲ್ಲಿದ್ದವು. ಅವೆರಡರ ನಡುವಿನ ಅಂತರ ಎಷ್ಟು ದೊಡ್ಡದಾಗಿತ್ತು, ಏಕೆ ಹಾಗಿತ್ತು ಎಂಬುದೇ ಪ್ರಸ್ತುತ ವಿಚಾರ.

ಮೊದಲಿಗೆ ಪದಗಳ ವಿಷಯ. ಕನ್ನಡದಲ್ಲಿ ನೇಯುವುದು ಬೇರೆ, ಹೆಣೆಯುವುದು ಬೇರೆ, ಹೊಸೆಯುವುದು ಬೇರೆ, ಪೋಣಿಸುವುದು ಬೇರೆ. ಮಗ್ಗದ ಮೇಲೆ ಹಾಸು ಬಿಗಿದು ಹೊಕ್ಕು ಹಾಯಿಸುವುದು ನೇಯ್ಗೆ. ಯಂತ್ರದ ನೆರವಿಲ್ಲದೆ ಬೆರಳುಗಳಿಂದಲೇ ಎಳೆಗಳನ್ನು ಮೇಲೆ ಕೆಳಗೆ ದಾಟಿಸುವುದು ಹೆಣಿಗೆ. ಜಡೆಯೂ ಹೆಣಿಗೆಯೇ, ಬುಟ್ಟಿಯೂ ಹೆಣಿಗೆಯೇ, ಕಥೆಯೂ ಹೆಣಿಗೆಯೇ. ಹಳಗನ್ನಡದ ‘ಪೆಣೆ’ ಎಂಬ ರೂಪದಿಂದ ಬಂದ ಈ ಧಾತು ಕೂಡಿಸುವ, ಸಿಕ್ಕಿಸುವ ಅರ್ಥವನ್ನು ಉದ್ದಕ್ಕೂ ಉಳಿಸಿಕೊಂಡಿದೆ. ಶಾಲೆಯ ಕಾಗದದ ಕೆಲಸದಲ್ಲಿ ಎರಡು ಬಗೆಗಳು ಬೆರೆತಿವೆ. ಚೌಕಾಕಾರದ ಕಾಗದವನ್ನು ಮಡಿಸಿ, ಅಂಚು ಬಿಟ್ಟು ಸೀಳುಗಳನ್ನು ಮಾಡಿ, ಬೇರೆ ಬಣ್ಣದ ಪಟ್ಟಿಗಳನ್ನು ಅದರೊಳಗೆ ಹಾಯಿಸುವ ಚಾಪೆ ಹೆಣಿಗೆ ಒಂದು. ಎರಡು, ಮೂರು ಅಥವಾ ನಾಲ್ಕು ಬಿಡಿ ಪಟ್ಟಿಗಳನ್ನು ಒಂದರ ಮೇಲೊಂದು ಮಡಿಸುತ್ತ ಸರ, ಜಡೆ, ನಕ್ಷತ್ರ ಮಾಡುವ ಪಟ್ಟಿ ಹೆಣಿಗೆ ಇನ್ನೊಂದು. ಮೊದಲನೆಯದಕ್ಕೆ ಚೌಕಟ್ಟಿನ ಆಸರೆಯಿದೆ. ಎರಡನೆಯದರಲ್ಲಿ ಪಟ್ಟಿಯೇ ಪಟ್ಟಿಗೆ ಆಸರೆ.

ಇವೆರಡನ್ನೂ ಶಿಕ್ಷಣದ ಸಾಧನವೆಂದು ಶಾಸ್ತ್ರಬದ್ಧವಾಗಿ ರೂಪಿಸಿದವನು ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ (1782–1852). 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಅವನು ಆರಂಭಿಸಿ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ ಶಿಶುಶಾಲೆಯಲ್ಲಿ ಆಟದ ವಸ್ತುಗಳು ‘ಕೊಡುಗೆ’ಗಳಾಗಿದ್ದರೆ, ಕೈಗೆಲಸಗಳು ‘ಉದ್ಯೋಗ’ಗಳಾಗಿದ್ದವು. ಚುಚ್ಚುವುದು, ಹೊಲಿಯುವುದು, ಮಡಿಸುವುದು, ಕತ್ತರಿಸುವುದು, ಮಣ್ಣಿನ ಕೆಲಸ ಇವುಗಳ ಸಾಲಿನಲ್ಲಿ ಕಾಗದದ ಚಾಪೆಗೂ ಪಟ್ಟಿಗಳ ಹೆಣಿಗೆಗೂ ನಿಶ್ಚಿತ ಸ್ಥಾನವಿತ್ತು. ಪಟ್ಟಿಯ ತುದಿಯನ್ನು ಕಚ್ಚಿ ಹಿಡಿಯುವ ಉದ್ದನೆಯ ಸೂಜಿಯೊಂದನ್ನು ಅದಕ್ಕೆಂದೇ ಬಳಸುತ್ತಿದ್ದರು. ಇಂದು ‘ಫ್ರೊಬೆಲ್ ನಕ್ಷತ್ರ’ವೆಂದು ಪ್ರಸಿದ್ಧವಾಗಿರುವ ನಾಲ್ಕು ಪಟ್ಟಿಗಳ ನಕ್ಷತ್ರವನ್ನು ಫ್ರೊಬೆಲ್ಲನೇ ಕಂಡುಹಿಡಿದನೆಂಬ ನಂಬಿಕೆ ಸರಿಯಲ್ಲ, ಅವನ ಪದ್ಧತಿಯ ಶಾಲೆಗಳಲ್ಲಿ ಹರಡಿದ್ದರಿಂದ ಆ ಹೆಸರು ಅಂಟಿಕೊಂಡಿತು. ಫ್ರೊಬೆಲ್ಲನ ದೃಷ್ಟಿಯಲ್ಲಿ ಮಗು ನಿರ್ಮಿಸುವ ರೂಪಗಳು ಮೂರು ಬಗೆಯವು: ಜೀವನರೂಪ, ಸೌಂದರ್ಯರೂಪ, ಜ್ಞಾನರೂಪ. ಹೆಣೆದ ಕಾಗದವು ಚಾಪೆಯಾಗಿ ಕಂಡಾಗ ಮೊದಲನೆಯದು, ಬಣ್ಣಗಳ ಹೊಂದಾಣಿಕೆಯಾಗಿ ಕಂಡಾಗ ಎರಡನೆಯದು, ಎಣಿಕೆಯಾಗಿ ಕಂಡಾಗ ಮೂರನೆಯದು. ಮಗುವಿನ ಕೈಯಲ್ಲಿದ್ದುದು ಒಂದೇ ಕಾಗದ. ಅದನ್ನು ಕಾಣುವ ಬಗೆ ಬದಲಾದಂತೆ ಪಾಠವೂ ಬದಲಾಗುತ್ತಿತ್ತು.

ಮೂರನೆಯ ಅಂಶವನ್ನು ಕೊಂಚ ವಿವರವಾಗಿ ನೋಡುವುದು ಅವಶ್ಯ. ಎಂಟು ಸೀಳುಗಳ ಚಾಪೆಯಲ್ಲಿ ಒಂದು ಮೇಲೆ ಒಂದು ಕೆಳಗೆ, ಎರಡು ಮೇಲೆ ಎರಡು ಕೆಳಗೆ, ನಾಲ್ಕು ಮೇಲೆ ನಾಲ್ಕು ಕೆಳಗೆ ಎಂಬ ಕ್ರಮಗಳು ಶೇಷವಿಲ್ಲದೆ ಕೂಡಿಬರುತ್ತವೆ. ಮೂರು ಮೂರರ ಕ್ರಮ ಕೂಡಿಬರುವುದಿಲ್ಲ, ಅದಕ್ಕೆ ಒಂಬತ್ತು ಬೇಕು. ಭಾಗಾಕಾರದ ಹೆಸರನ್ನೇ ಕೇಳದ ಮಗು ಇಲ್ಲಿ ಶೇಷವನ್ನು ಕಣ್ಣಾರೆ ಕಾಣುತ್ತದೆ. ಎರಡೆರಡರ ಕ್ರಮವನ್ನು ಪ್ರತಿ ಸಾಲಿನಲ್ಲಿಯೂ ಒಂದು ಸೀಳಿನಷ್ಟು ಸರಿಸಿದರೆ ಓರೆಗೆರೆ ಮೂಡುತ್ತದೆ. ಅರ್ಧದಲ್ಲಿ ಸರಿಸುವ ದಿಕ್ಕನ್ನು ತಿರುಗಿಸಿದರೆ ಅದೇ ಗೆರೆ ಮೂಲೆ ಮಾಡಿಕೊಂಡು ಹಿಂದಿರುಗುತ್ತದೆ. ಮೂರು ಪಟ್ಟಿಗಳ ಜಡೆಯಲ್ಲಿ ಎಡದ್ದನ್ನು ನಡುವಿಗೆ, ಬಲದ್ದನ್ನು ನಡುವಿಗೆ ದಾಟಿಸುತ್ತ ಹೋದರೆ ಆರನೆಯ ದಾಟಿಗೆ ಮೂರೂ ಬಣ್ಣಗಳು ತಮ್ಮ ಮೊದಲ ಸ್ಥಾನಗಳಿಗೆ ಮರಳುತ್ತವೆ. ತಂಗಿಯ ತಲೆಗೆ ಜಡೆ ಹೆಣೆಯುವ ಹುಡುಗಿಗೆ ಇದು ಕೈಯಲ್ಲಿ ಗೊತ್ತು. ಕೂದಲಿನ ಮೂರೆಳೆಗಳದು ಒಂದೇ ಬಣ್ಣವಾದ್ದರಿಂದ ಅವಳಿಗೆ ಕಣ್ಣಲ್ಲಿ ಗೊತ್ತಿರುವುದಿಲ್ಲ. ಕೈಯರಿವನ್ನು ಕಣ್ಣಿಗೆ ತರುವುದು, ಅಲ್ಲಿಂದ ಮಾತಿಗೆ ತರುವುದು ಬಣ್ಣದ ಕಾಗದಕ್ಕೆ ಸಾಧ್ಯವಿರುವ ವಿಶೇಷ. ಶಾಲಾ ಕರಕುಶಲವಾಗಿ ಅದರ ಸಮರ್ಥನೆಯೆಲ್ಲ ನಿಂತಿರುವುದು ಇದೊಂದರ ಮೇಲೆ.

ಪ್ರಷ್ಯಾ ಸರ್ಕಾರ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. 1860ರವರೆಗೆ ನಿಷೇಧ ಮುಂದುವರಿಯಿತು. ಈ ನಡುವೆ ಫ್ರೊಬೆಲ್ಲನ ಶಿಷ್ಯರು, ಅದರಲ್ಲಿಯೂ ಮಹಿಳೆಯರು, ಪದ್ಧತಿಯನ್ನು ಹೊರದೇಶಗಳಿಗೆ ಒಯ್ದರು. 1876ರಲ್ಲಿ ಟೋಕಿಯೋದ ಮಹಿಳಾ ಶಿಕ್ಷಕರ ತರಬೇತಿ ಶಾಲೆಯೊಂದಿಗೆ ಜಪಾನಿನ ಮೊದಲ ಶಿಶುವಿಹಾರ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮದರಾಸು ಪ್ರಾಂತದ ಬಾಲಿಕಾ ಶಾಲೆಗಳ ತನಿಖಾಧಿಕಾರಿಯಾಗಿದ್ದ ಇಸಾಬೆಲ್ ಬ್ರಾಂಡರ್ ಭಾರತದ ಕಿಂಡರ್‌ಗಾರ್ಟನ್ ಬೋಧನೆಗೆಂದೇ ಕೈಪಿಡಿಯೊಂದನ್ನು ಬರೆದರು. ಪದ್ಧತಿ ಹೀಗೆ ಹರಡಿದಂತೆ ಅದರ ಒಳಗಿನ ಸಮತೋಲ ತಪ್ಪಿತು. ತರಬೇತಿ ಪಡೆಯುವ ಶಿಕ್ಷಕಿಯರು ತಾವು ಹೆಣೆದ ಮಾದರಿಗಳನ್ನು ದಪ್ಪನೆಯ ಪುಸ್ತಕಗಳಲ್ಲಿ ಅಂಟಿಸಿ ಒಪ್ಪಿಸಬೇಕಾಗಿತ್ತು. ಅಂಥ ಪುಸ್ತಕಗಳು ಇಂದು ಪಶ್ಚಿಮದ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಅಚ್ಚುಕಟ್ಟು ಬೆರಗುಗೊಳಿಸುವಂಥದು. ಆದರೆ ಅಂಟಿಸಿದ ಚಾಪೆಯನ್ನು ಬಿಚ್ಚಲು ಬರುವುದಿಲ್ಲ. ತಪ್ಪಿದ ಸಾಲನ್ನು ಎಳೆದು ತೆಗೆದು ಮತ್ತೆ ಹಾಯಿಸುವಾಗ ನಡೆಯುವ ಕಲಿಕೆ ಅಂಟು ಒಣಗಿದೊಡನೆ ನಿಂತುಹೋಗುತ್ತದೆ. ಉಳಿಯುವುದು ಪ್ರದರ್ಶನದ ವಸ್ತು. ಫ್ರೊಬೆಲ್ಲನ ಉದ್ಯೋಗಗಳು ಯಾಂತ್ರಿಕವಾದವು, ಸಣ್ಣ ಬೆರಳಿಗೂ ಎಳೆಯ ಕಣ್ಣಿಗೂ ದಣಿವು ತರುವಂಥವು ಎಂದು ಅಮೆರಿಕದ ಸ್ಟ್ಯಾನ್ಲಿ ಹಾಲ್ ಮೊದಲಾದವರು ಆಕ್ಷೇಪಿಸಿದ್ದು ಈ ಹಂತದಲ್ಲಿ. ಆಕ್ಷೇಪ ನ್ಯಾಯವಾದುದೇ. ಅದು ಫ್ರೊಬೆಲ್ಲನಿಗಿಂತ ಹೆಚ್ಚಾಗಿ ಅವನ ಅನುಯಾಯಿಗಳಿಗೆ ಅನ್ವಯಿಸುತ್ತದೆ ಎನ್ನಬೇಕು. ಕರ್ನಾಟಕದಲ್ಲಿ ಟಿ.ಸಿ.ಎಚ್. ತರಬೇತಿಯ ಕಾಲದ ಕರಕುಶಲ ದಾಖಲೆ ಪುಸ್ತಕಗಳನ್ನು ಬಲ್ಲವರಿಗೆ ಈ ಅಂಟಿನ ಕಥೆ ಹೊಸದೆನಿಸಲಾರದು.

ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಕಾಗದದ ಹೆಣಿಗೆಗೆ ನಿಜವಾದ ಸವಾಲು ಬಂದದ್ದು ಮಾಂಟೆಸರಿಯಿಂದಲ್ಲ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲವನ್ನು ಭಾರತದಲ್ಲಿಯೇ ಕಳೆದ ಮಾರಿಯಾ ಮಾಂಟೆಸರಿಯ ಪದ್ಧತಿಯಲ್ಲಿ ಗುಂಡಿ ಹಾಕುವ, ದಾರ ಕಟ್ಟುವ ಚೌಕಟ್ಟುಗಳಿದ್ದವು. ಬೆರಳಿನ ಪಳಗುವಿಕೆಗೆ ಅಲ್ಲಿಯೂ ಮನ್ನಣೆಯಿತ್ತು. ಸವಾಲು ಬಂದದ್ದು 1937ರ ಅಕ್ಟೋಬರಿನ ವಾರ್ಧಾ ಸಮ್ಮೇಳನದಿಂದ. ಶಿಕ್ಷಣವು ಉತ್ಪಾದಕ ಕಸುಬೊಂದರ ಸುತ್ತ ನಡೆಯಬೇಕು, ಮಕ್ಕಳು ಮಾಡಿದ ವಸ್ತುಗಳ ಆದಾಯದಿಂದ ಶಾಲೆಯ ವೆಚ್ಚ ಸಾಧ್ಯವಾದಷ್ಟು ತೂಗಬೇಕು ಎಂಬ ಗಾಂಧೀಜಿಯವರ ವಿಚಾರದೆದುರು ಕಾಗದದ ಚಾಪೆ ನಿಲ್ಲುವುದು ಸಾಧ್ಯವಿರಲಿಲ್ಲ. ಅದರ ಮೇಲೆ ಯಾರೂ ಮಲಗುವುದಿಲ್ಲ, ಅದನ್ನು ಯಾರೂ ಕೊಳ್ಳುವುದಿಲ್ಲ. ಮೈಸೂರು ಸೀಮೆಗೆ ನೂಲುವ ಕೆಲಸದ ಪರಿಚಯ ಆಗಲೇ ಇತ್ತು. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿಯೇ ಖಾದಿ ಕೇಂದ್ರ ಆರಂಭವಾಗಿತ್ತು. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದಲ್ಲಿ ತೆರೆದ ಮೂಲಶಿಕ್ಷಣ ಶಾಲೆಗಳಲ್ಲಿ ತಕಲಿಗೆ ದೊರೆತ ಗೌರವ ಕಾಗದಕ್ಕೆ ದೊರೆಯಲಿಲ್ಲ.

ನಯೀ ತಾಲೀಮಿನ ಈ ನಿಲುವಿಗೆ ಆ ಕಾಲದಲ್ಲಿಯೇ ಪ್ರತಿರೋಧವಿತ್ತು. ಅರ್ಥಶಾಸ್ತ್ರಜ್ಞ ಕೆ.ಟಿ. ಷಾ ಶಾಲೆಯ ಸ್ವಾವಲಂಬನೆಯ ಕಲ್ಪನೆಯನ್ನು ವಾರ್ಧಾ ಸಮ್ಮೇಳನದಲ್ಲಿಯೇ ವಿರೋಧಿಸಿದರು. ಆರ್ಥಿಕ ಅಂಶಕ್ಕೆ ಒತ್ತು ಬಿದ್ದು ಶೈಕ್ಷಣಿಕ ಉದ್ದೇಶ ಹಿಂದೆ ಸರಿಯುವ ಅಪಾಯವನ್ನು ಜಾಕಿರ್ ಹುಸೇನ್ ಸಮಿತಿಯ ವರದಿಯೂ ಮುಚ್ಚಿಡಲಿಲ್ಲ. ಇನ್ನೊಂದೆಡೆ, ಕೆಳಜಾತಿಗಳ ಕಸುಬಿನ ಅರಿವನ್ನು ಪಠ್ಯಕ್ರಮದ ನಡುವಿಗೆ ತಂದದ್ದೇ ಈ ಯೋಜನೆಯ ನಿಜವಾದ ಕ್ರಾಂತಿಕಾರಕ ಅಂಶವೆಂದು ಶಿಕ್ಷಣ ಚಿಂತಕ ಕೃಷ್ಣಕುಮಾರ್ ವಾದಿಸಿದ್ದಾರೆ. ಎರಡೂ ಮಾತುಗಳಲ್ಲಿ ಹುರುಳಿದೆ. ಮುಂದೆ 1964–66ರ ಕೊಠಾರಿ ಆಯೋಗದ ‘ಕಾರ್ಯಾನುಭವ’, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ‘ಸಮಾಜೋಪಯೋಗಿ ಉತ್ಪಾದನಾ ಕಾರ್ಯ’ ಎಂಬ ಹೆಸರುಗಳಡಿ ಶಾಲೆಯ ಕೈಗೆಲಸ ಮುಂದುವರಿಯಿತು. ಹೆಸರು ಉದ್ದವಾದಂತೆ ಕೆಲಸ ಮೊಟಕಾಯಿತು. ನೂಲು, ಮರ, ಮಣ್ಣು ಇವುಗಳಿಗೆ ಸಲಕರಣೆ ಬೇಕು, ಜಾಗ ಬೇಕು, ಬಲ್ಲ ಶಿಕ್ಷಕರು ಬೇಕು. ಕಾಗದಕ್ಕೆ ಕತ್ತರಿ, ಅಂಟು ಸಾಕು. ತತ್ತ್ವದ ಬಾಗಿಲಿನಿಂದ ಹೊರಹೋಗಿದ್ದ ಕಾಗದದ ಚಾಪೆ ಅನುಕೂಲದ ಕಿಟಕಿಯಿಂದ ಒಳಬಂತು. ಹಾಗೆ ಬಂದದ್ದರಿಂದಲೇ ಅದರ ಶೈಕ್ಷಣಿಕ ಉದ್ದೇಶವನ್ನು ಯಾರೂ ಕೇಳಲಿಲ್ಲ. 1975ರ ಅಕ್ಟೋಬರ್ 2ರಂದು ಇದೇ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಕಾಗದದ ಕೈಗೆಲಸಕ್ಕೆ ಅಂಗನವಾಡಿ ಇನ್ನೊಂದು ನೆಲೆಯಾಯಿತು.

ಇಷ್ಟು ಶಾಲೆಯೊಳಗಿನ ಚರಿತ್ರೆ. ಇದೇ ಅವಧಿಯಲ್ಲಿ ಶಾಲೆಯ ಹೊರಗೆ, ಈ ನಾಲ್ಕು ತಾಲ್ಲೂಕುಗಳ ಅಂಗಳಗಳಲ್ಲಿ, ಹೆಣಿಗೆಯ ಬೇರೊಂದು ಲೋಕವಿತ್ತು. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನ ಬೆಟ್ಟಕುರುಬರು ಬಿದಿರಿನ ಕೆಲಸದಲ್ಲಿ ನುರಿತವರು. ಪೇಟೆಗಳಲ್ಲಿ ಮೇದರು ಮೊರ, ಮಂಕರಿ, ತಟ್ಟಿ, ಜರಡಿಗಳನ್ನು ಹೆಣೆದರು. ಕೊರಮ ಸಮುದಾಯದವರ ಈಚಲು ಕೆಲಸವೂ ಹಳೆಯದು. ಈಚಲು ಗರಿಯಿಂದ ಉದ್ದನೆಯ ಜಡೆಪಟ್ಟಿಗಳನ್ನು ಹೆಣೆದು ಪಕ್ಕಪಕ್ಕಕ್ಕೆ ಜೋಡಿಸಿ ಹೊಲಿದು ಚಾಪೆ ಮಾಡುವ ಕ್ರಮವುಂಟು. ಶಾಲೆಯ ‘ಪಟ್ಟಿ ಹೆಣಿಗೆ’ಗೆ ಇದಕ್ಕಿಂತ ಹತ್ತಿರದ ನಿಜರೂಪ ಬೇರಿಲ್ಲ. ಮದುವೆಯ ಹಸಿರು ಚಪ್ಪರಕ್ಕೆ ತೆಂಗಿನ ಗರಿ ಹೆಣೆಯುವುದು ಯಾವ ಒಂದು ಜಾತಿಯ ಸೊತ್ತೂ ಆಗಿರಲಿಲ್ಲ. ಅದರಲ್ಲಿ ಉದುರಿದ ಎಲೆಗಳಿಂದ ಮಕ್ಕಳು ಪೀಪಿ, ಗಡಿಯಾರ, ಹಾವು, ಗಿರಿಗಿಟ್ಟಲೆಗಳನ್ನು ತಾವೇ ಮಾಡಿಕೊಂಡರು. ಎರಡು ಎಲೆಗಳನ್ನು ಅಡ್ಡಡ್ಡ ಮಡಿಸುತ್ತ ಹೋಗುವ ಸರವನ್ನು ಯಾವ ಕೈಪಿಡಿಯೂ ಅವರಿಗೆ ಕಲಿಸಿದ್ದಲ್ಲ. ಹಳೆಯ ಮೈಸೂರಿನ ಜಡೆಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದ ಆಟಗಾರರು ಒಬ್ಬರನ್ನೊಬ್ಬರು ಹಾಯುತ್ತ ಜಡೆ ಹೆಣೆದು, ಹೆಜ್ಜೆಗಳನ್ನು ಹಿಂದಿರುಗಿಸಿ ಅದನ್ನು ಪೂರ್ತಿ ಬಿಚ್ಚುತ್ತಾರೆ. ಹೆಣೆದಷ್ಟೇ ನಿಖರವಾಗಿ ಬಿಚ್ಚಬಲ್ಲವರೇ ಬಲ್ಲವರು ಎಂಬ ಮಾನದಂಡ ಆ ಆಟದಲ್ಲಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದು ನೆಲೆಸಿದ ಟಿಬೆಟನ್ನರ ರತ್ನಗಂಬಳಿಗಳ ನೇಯ್ಗೆಯದು ಬೇರೆಯೇ ಪರಂಪರೆ. ಅದನ್ನಿಲ್ಲಿ ಹೆಸರಿಸಿದರೆ ಸಾಕು.

ಈ ಹೊರಗಿನ ಲೋಕದಲ್ಲಿ ಗಣಿತವಿರಲಿಲ್ಲವೆಂದು ಭಾವಿಸುವುದು ತಪ್ಪು. ಒಂದೇ ಸೀಳನ್ನು ಸುತ್ತುತ್ತ ಬಿಡದೆ ಬುಟ್ಟಿ ಹೆಣೆಯಬೇಕಾದರೆ ನಿಲುಗಡ್ಡಿಗಳ ಸಂಖ್ಯೆ ಬೆಸವಾಗಿರಬೇಕು. ಸಮವಾಗಿದ್ದರೆ ಎರಡನೆಯ ಸುತ್ತಿನಲ್ಲಿ ಸೀಳು ಮೊದಲಿನ ಕಡ್ಡಿಗಳ ಮೇಲೆಯೇ ಹಾದು ಹೆಣಿಗೆ ಕೂಡುವುದಿಲ್ಲ. ಕಾಗದದ ಚಾಪೆಯಲ್ಲಿ ಪ್ರತಿ ಪಟ್ಟಿಯೂ ಬಿಡಿಯಾದ್ದರಿಂದ ಈ ಕಟ್ಟುಪಾಡಿಲ್ಲ. ಸಮವಿರಲಿ ಬೆಸವಿರಲಿ, ಎರಡನೆಯ ಸಾಲನ್ನು ತಿರುವುಮುರುವು ಆರಂಭಿಸಿದರಾಯಿತು. ಹಾಗಾಗಿ ಸಮ–ಬೆಸದ ಪಾಠಕ್ಕೆ ಬುಟ್ಟಿಯು ಕಾಗದಕ್ಕಿಂತ ಕಟ್ಟುನಿಟ್ಟಾದ ಗುರು. ಬೆಟ್ಟಕುರುಬರ ಹಾಡಿಯಿಂದ ಬಂದ ಮಗು ಈ ಬೆಸದ ನಿಯಮವನ್ನು ಅಪ್ಪನ ಕೈಯಲ್ಲಿ ಕಂಡಿರುತ್ತದೆ. ತರಗತಿಯಲ್ಲಿ ಕಾಗದದ ಪಟ್ಟಿ ಕೈಗೆ ಬಂದಾಗ ಆ ಮಗು ಮೊದಲ ಸಾಲಿನ ಬಲ್ಲಿದನಾಗಬೇಕಿತ್ತು. ಆದರೆ ಪಾಠದ ಭಾಷೆಯಲ್ಲಿ ‘ದಬ್ಬೆ’ಯಿರಲಿಲ್ಲ, ‘ಮಂಕರಿ’ಯಿರಲಿಲ್ಲ; ‘ಮೊದಲನೆಯ ಪಟ್ಟಿಯನ್ನು ತೆಗೆದುಕೊಳ್ಳಿ’ ಎಂಬ ಅನಾಮಧೇಯ ಆದೇಶವಿತ್ತು. ಎಲ್ಲ ಮಕ್ಕಳೂ ಏನೂ ಅರಿಯದವರೆಂಬ ಭಾವನೆಯಿಂದಲೇ ಕರಕುಶಲದ ಕೈಪಿಡಿಗಳು ಆರಂಭವಾಗುತ್ತವೆ. ಅವುಗಳ ದೊಡ್ಡ ಕೊರತೆ ಇದೇ.

ಈ ಮೌನಕ್ಕೆ ಜಾತಿಯ ಆಯಾಮವುಂಟು. ಬಿದಿರು, ಈಚಲು, ಚರ್ಮ, ಮಣ್ಣು ಇವು ಸಮಾಜದ ಕಣ್ಣಿನಲ್ಲಿ ಬರಿಯ ವಸ್ತುಗಳಲ್ಲ. ಒಂದೊಂದಕ್ಕೂ ಅದನ್ನು ಮುಟ್ಟುವವರ ಹೆಸರು ಅಂಟಿಕೊಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಮೇದರ ಕೇತಯ್ಯ ಬಿದಿರಿನ ಕಾಯಕವನ್ನೇ ಹಿಡಿದು ಗವರೇಶ್ವರನ ಅಂಕಿತದಲ್ಲಿ ವಚನಗಳನ್ನು ಬರೆದ ನಾಡಿನಲ್ಲಿ, ಎಂಟು ಶತಮಾನಗಳ ನಂತರವೂ ಬುಟ್ಟಿ ಹೆಣೆಯುವವರ ಮಗುವಿಗೆ ತರಗತಿಯಲ್ಲಿ ತನ್ನ ಮನೆಯ ಕೆಲಸವನ್ನು ಹೇಳಿಕೊಳ್ಳುವುದು ಸುಲಭವಾಗಿರಲಿಲ್ಲ. ಕಾಗದಕ್ಕೆ ಈ ಹೊರೆಯಿರಲಿಲ್ಲ. ಅದು ಅಂಗಡಿಯಿಂದ ಬಂದದ್ದು, ಓದುಬರಹದ ಲೋಕಕ್ಕೆ ಸೇರಿದ್ದು. ಯಾವ ಮನೆಯ ಮಗು ಮುಟ್ಟಿದರೂ ಹೀನಾಯವೆನಿಸದು. ಮೇಲ್ಜಾತಿಯ ಮಕ್ಕಳೂ ಸಂಕೋಚವಿಲ್ಲದೆ ಹೆಣಿಗೆಗೆ ಕೈಹಾಕುವಂತೆ ಮಾಡಿದ್ದು ಕಾಗದದ ಉಪಕಾರವೇ ಸರಿ. ಆದರೆ ಹೆಣಿಗೆಯನ್ನು ಅದರ ಒಡೆಯರಿಂದ ಬಿಡಿಸಿಕೊಂಡು ಬಂದ ಮೇಲೆಯೇ ಶಾಲೆ ಅದಕ್ಕೆ ಮಣೆ ಹಾಕಿತು ಎಂಬುದನ್ನೂ ಮರೆಯಲಾಗದು. ಕಸುಬುಗಳನ್ನು ಅವುಗಳ ಸಮುದಾಯಗಳ ಹೆಸರಿನೊಂದಿಗೇ, ಗೌರವದೊಂದಿಗೆ ಮಕ್ಕಳ ಮುಂದಿಡುವ ಪ್ರಯತ್ನವೆಂದು ಕಂಚ ಐಲಯ್ಯನವರ 2007ರ ಮಕ್ಕಳ ಪುಸ್ತಕವನ್ನು ಇಲ್ಲಿ ನೆನೆಯಬಹುದು. ಕರಕುಶಲದ ಅವಧಿಗೆ ಅಂಥ ನೋಟ ಬಹಳ ತಡವಾಗಿ ಬಂತು.

ಇನ್ನು ಹೊಗೆಸೊಪ್ಪು. ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬೆಳೆದಿರುವುದೇ ವರ್ಜೀನಿಯಾ ಹೊಗೆಸೊಪ್ಪಿನಿಂದ. ತಂಬಾಕು ಮಂಡಳಿಯ ಹರಾಜು ವ್ಯವಸ್ಥೆ ಕರ್ನಾಟಕದಲ್ಲಿ 1984ರಲ್ಲಿ ಜಾರಿಗೆ ಬಂದ ನಂತರ ಈ ಬೆಳೆ ಇಲ್ಲಿ ಇನ್ನಷ್ಟು ಬೇರೂರಿತು. ಗಿಡದ ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಎಲೆ ಮುರಿದು, ಅದೇ ದಿನ ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿ ಬೇಯಿಸಬೇಕು. ದಾರವನ್ನು ಸುತ್ತುತ್ತ ಕಡ್ಡಿಯ ಈ ಬದಿಗೊಮ್ಮೆ ಆ ಬದಿಗೊಮ್ಮೆ ಎಲೆಗಳನ್ನು ಸಿಕ್ಕ ಹಾಕುವ ಈ ಕೆಲಸಕ್ಕೆ ಬೇಕಾದದ್ದು ಬಲವಲ್ಲ, ಚುರುಕಾದ ಬೆರಳು. ಮನೆಯ ಹೆಂಗಸರು, ಮುದುಕರು, ಮಕ್ಕಳು ಒಟ್ಟಿಗೆ ಕೂರುವ ಕೆಲಸವಾದ್ದರಿಂದ ಅದನ್ನು ದುಡಿಮೆಯೆಂದು ಗುರುತಿಸಿದವರು ಕಡಿಮೆ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ವಾಕರಿಕೆ, ತಲೆಸುತ್ತು ತರುತ್ತದೆ ಎಂಬುದು ವೈದ್ಯಕೀಯವಾಗಿ ದೃಢಪಟ್ಟ ಸಂಗತಿ. ಮಳೆಗಾಲದ ಈ ಕೊಯ್ಲಿನ ತಿಂಗಳುಗಳೂ ಶಾಲಾವರ್ಷದ ಮೊದಲ ತಿಂಗಳುಗಳೂ ಒಂದರ ಮೇಲೊಂದು ಬೀಳುತ್ತವೆ. ಒಂದನೆಯ ತರಗತಿಯಲ್ಲಿ ಅಕ್ಷರವೂ ಎಣಿಕೆಯೂ ಆರಂಭವಾಗುವ ಹೊತ್ತಿಗೇ ಬ್ಯಾರನ್ನಿನ ಮುಂದೆಯೂ ಎಳೆಯ ಬೆರಳುಗಳಿಗೆ ಕರೆಯಿರುತ್ತದೆ.

ಹೊಗೆಸೊಪ್ಪಿನ ಅಂಗಳದಿಂದ ನೋಡಿದಾಗ ಕಾಗದದ ಚಾಪೆಯ ಮೌಲ್ಯಮಾಪನ ಬದಲಾಗಬೇಕಾಗುತ್ತದೆ. ಉಪಯೋಗವಿಲ್ಲ, ಬೆಲೆಯಿಲ್ಲ ಎಂಬ ನಯೀ ತಾಲೀಮಿನ ದೃಷ್ಟಿಯ ಆಕ್ಷೇಪವೇ ಇಲ್ಲಿ ಅದರ ಪರವಾದ ವಾದವಾಗುತ್ತದೆ. ಮಾರಲಾಗದ ವಸ್ತುವನ್ನು ಮಾಡುವ ಮಗುವನ್ನು ಯಾರೂ ಅವಸರಪಡಿಸುವುದಿಲ್ಲ. ತಪ್ಪಿದ ಸಾಲಿಗೆ ಕೂಲಿ ಕಡಿಯುವುದಿಲ್ಲ. ಬಿಚ್ಚಿ ಮತ್ತೆ ಹೆಣೆಯಲು ವೇಳೆಯಿದೆ. ಎಲೆ ಬಾಡುವ ಮೊದಲು ಮುಗಿಯಬೇಕೆಂಬ ಒತ್ತಡ ಕಡ್ಡಿಗಿದೆ, ಪಟ್ಟಿಗಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸುತ್ತಲೇ, ಅಪಾಯಕಾರಿಯಲ್ಲದ ಕೆಲಸಗಳಲ್ಲಿ ಶಾಲೆಯ ವೇಳೆಯ ನಂತರ ಮತ್ತು ರಜಾದಿನಗಳಲ್ಲಿ ಕುಟುಂಬಕ್ಕೆ ನೆರವಾಗಲು ಅವಕಾಶವಿತ್ತಿರುವಾಗ, ಕಲಿಕೆ ಎಲ್ಲಿ ಮುಗಿದು ದುಡಿಮೆ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮನೆಯ ಕಸುಬನ್ನು ಶಾಲೆಗೆ ತರಬೇಕೆನ್ನುವ ಸದುದ್ದೇಶದ ವಾದಗಳು ಈ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅಂಗಳದ ದುಡಿಮೆಗೆ ಶಾಲೆಯ ಮುದ್ರೆಯೊತ್ತಿದಂತಾದೀತು. ಅರಿವು ಬರಬೇಕು, ಉತ್ಪಾದನೆಯ ಒತ್ತಡ ಬರಬಾರದು. ಕಾಗದವು ಈ ಎರಡನ್ನು ಬೇರ್ಪಡಿಸಬಲ್ಲ ಅಪರೂಪದ ಮಾಧ್ಯಮ. ಆದರೆ ಅಂಗಳದ ಅರಿವನ್ನು ಒಳಗೆ ಕರೆದಾಗ ಮಾತ್ರ.

ಹೆಗ್ಗಡದೇವನಕೋಟೆಯ ನಲಿಕಲಿಯನ್ನು ಈ ಮಾನದಂಡದಿಂದ ಅಳೆಯಬೇಕು. ಒಬ್ಬಿಬ್ಬರು ಶಿಕ್ಷಕರ, ಹಲವು ತರಗತಿಗಳ ಶಾಲೆಗಳು, ಬರಹೋಗುವ ಮಕ್ಕಳು, ಹಾಡಿಗಳಿಂದ ಬಂದು ಪಠ್ಯದ ಕನ್ನಡಕ್ಕೆ ಅಪರಿಚಿತರಾಗಿ ಕೂರುವವರು. ಇಂಥ ಸ್ಥಿತಿಯಲ್ಲಿ ಇಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಕಿರುಶಾಲೆಗಳಲ್ಲಿ ನಡೆದಿದ್ದ ಬಹುವರ್ಗ ಬೋಧನೆಯ ಕ್ರಮವನ್ನು ಕಂಡು ಬಂದರು. ಯುನಿಸೆಫ್ ನೆರವಿನಿಂದ ಕೆಲವೇ ಶಾಲೆಗಳಲ್ಲಿ ಆರಂಭವಾದ ಪ್ರಯೋಗ ತಾಲ್ಲೂಕಿನ ಶಾಲೆಗಳಿಗೆಲ್ಲ ವಿಸ್ತರಿಸಿತು. ಕಲಿಕಾ ಏಣಿ, ಮೆಟ್ಟಿಲುಗಳು, ಚಟುವಟಿಕೆಯ ಕಾರ್ಡುಗಳು, ಮಗುವಿನ ಎತ್ತರಕ್ಕಿರುವ ಗೋಡೆ ಹಲಗೆ, ಗುಂಪುಗಳ ತಟ್ಟೆಗಳು ಇವು ತರಗತಿಯ ರೂಪವನ್ನೇ ಬದಲಿಸಿದವು. ಮಗು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮರಳಿ ಬಂದಾಗ ಮುಂದುವರಿಯಬಹುದೆಂಬ ತತ್ತ್ವ ಹೊಗೆಸೊಪ್ಪಿನ ಸೀಮೆಗೆ ಎಷ್ಟು ಹೊಂದುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಲಭದಿಂದ ಕಠಿಣಕ್ಕೆ ಏರುವ ಫ್ರೊಬೆಲ್ಲನ ಹೆಣಿಗೆಯ ಸರಣಿಯೂ ಒಂದು ಏಣಿಯೇ ಆಗಿತ್ತು. ಅಂಥ ಸರಣಿಯನ್ನು ಗಣಿತದ ಮೆಟ್ಟಿಲುಗಳೊಳಗೆ ಸೇರಿಸುವುದಕ್ಕೆ ನಲಿಕಲಿಯಷ್ಟು ಒಪ್ಪುವ ಚೌಕಟ್ಟು ಹಿಂದೆಂದೂ ಒದಗಿರಲಿಲ್ಲ.

ಆದರೆ ನಲಿಕಲಿಯಲ್ಲಿ ಕಾಗದದ ಕೆಲಸ ನೆಲೆಗೊಂಡದ್ದು ಏಣಿಯಲ್ಲಲ್ಲ, ಚಪ್ಪರದಲ್ಲಿ. ತರಗತಿಯ ಮೇಲ್ಭಾಗದಲ್ಲಿ ತಂತಿ ಅಥವಾ ಹುರಿಗಳನ್ನು ಅಡ್ಡಡ್ಡ ಎಳೆದು ಮಕ್ಕಳ ಚಿತ್ರ, ಬರಹ, ಕತ್ತರಿಸಿದ ಹಾಗೂ ಹೆಣೆದ ರೂಪಗಳನ್ನು ತೂಗುಬಿಡುವ ವ್ಯವಸ್ಥೆಗೆ ಶಿಕ್ಷಕರು ಚಪ್ಪರವೆಂದೇ ಹೆಸರಿಟ್ಟರು. ಮದುವೆ ಮನೆಯ ಗರಿ ಹೆಣೆದ ಚಪ್ಪರದಿಂದ ಬಂದ ಈ ಪದ ಸುಂದರವಾದುದು. ಅಂಗಳದ ಹೆಣಿಗೆಯ ಲೋಕದಿಂದ ಶಾಲೆಯೊಳಗೆ ಬಂದ ಬೆರಳೆಣಿಕೆಯ ಪದಗಳಲ್ಲಿ ಇದೂ ಒಂದು. ಪ್ರತಿ ಮಗುವಿನ ಕೆಲಸಕ್ಕೂ ಅಲ್ಲಿ ಜಾಗವುಂಟು ಎಂಬುದು ಆಲ್ಬಮ್ಮಿನ, ಪ್ರದರ್ಶನದ ಕಾಲಕ್ಕಿಂತ ಖಂಡಿತ ಮುಂದಿನ ಹೆಜ್ಜೆ. ಆದರೂ ಚಪ್ಪರಕ್ಕೆ ಏರಿದ ಚಾಪೆ ಮಗುವಿನ ಕೈಗೆ ಎಟುಕುವುದಿಲ್ಲ. ಎರಡೆರಡರ ಕ್ರಮ ಎಲ್ಲಿ ತಪ್ಪಿತೆಂದು ಪಕ್ಕದ ಮಗುವಿನೊಂದಿಗೆ ವಾದಿಸುವುದಕ್ಕೆ ಅದು ಕೆಳಗಿರಬೇಕಿತ್ತು, ಅಂಟಿಲ್ಲದೆ ಇರಬೇಕಿತ್ತು. ಗುಂಪಿನ ತಟ್ಟೆಯಲ್ಲಿ, ಗಣಿತದ ಕಾರ್ಡಿನ ಪಕ್ಕದಲ್ಲಿ ಅದಕ್ಕೆ ಜಾಗ ದೊರೆತಿದ್ದರೆ ಫ್ರೊಬೆಲ್ಲನ ‘ಜ್ಞಾನರೂಪ’ ಒಂದೂವರೆ ಶತಮಾನದ ಬಳಿಕ ಕಾಡಂಚಿನ ಸರ್ಕಾರಿ ಶಾಲೆಯೊಂದರಲ್ಲಿ ಅರ್ಥಪೂರ್ಣವಾಗುತ್ತಿತ್ತು.

2009–10ರಲ್ಲಿ ನಲಿಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಣೆಯಾದಾಗ ಕಾರ್ಡುಗಳು ಒಂದೇ ಮಾದರಿಯಲ್ಲಿ ಮುದ್ರಣಗೊಂಡವು. ಅಷ್ಟು ದೊಡ್ಡ ವಿಸ್ತರಣೆಗೆ ಅದು ಅನಿವಾರ್ಯವಿದ್ದಿರಬಹುದು. ಆದರೆ ಕಾರವಾರದ ಮಗುವಿಗೂ ಕೋಲಾರದ ಮಗುವಿಗೂ ಒಂದೇ ಕಾರ್ಡು ಹೊಂದಬೇಕಾದಾಗ, ಬೆಟ್ಟಕುರುಬರ ಬುಟ್ಟಿಯ ಬೆಸಸಂಖ್ಯೆಗೆ ಅದರಲ್ಲಿ ಜಾಗ ಸಿಗುವುದು ಸಾಧ್ಯವಿರಲಿಲ್ಲ. ಹಾಡು, ಕಥೆ, ನುಡಿಗಟ್ಟುಗಳ ಮಟ್ಟದಲ್ಲಿ ಸ್ಥಳೀಯವಾಗಿದ್ದ ಪ್ರಯೋಗ ಕೈಗೆಲಸದ ಮಟ್ಟದಲ್ಲಿ ಸ್ಥಳೀಯವಾಗುವ ಮೊದಲೇ ಸಾರ್ವತ್ರಿಕವಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಂದರ್ಭದಲ್ಲಿ ಪಾರಂಪರಿಕ ಕರಕುಶಲಗಳ ಕುರಿತೇ ಪ್ರತ್ಯೇಕ ಅಧ್ಯಯನ ತಂಡ ರಚನೆಯಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಪುಸ್ತಕಚೀಲವಿಲ್ಲದ ಹತ್ತು ದಿನಗಳನ್ನು ಸ್ಥಳೀಯ ಕುಶಲಕರ್ಮಿಗಳೊಂದಿಗೆ ಕಳೆಯಬೇಕೆಂದು ಸೂಚಿಸಿತು. ಎರಡೂ ಸ್ವಾಗತಾರ್ಹ. ಆದರೆ ಕುಶಲಕರ್ಮಿಯನ್ನು ಅತಿಥಿಯಾಗಿ ಕಾಣುವ ಈ ಕ್ರಮಗಳು, ಅವರ ಮಕ್ಕಳು ಒಂದನೆಯ ತರಗತಿಯಲ್ಲಿಯೇ ಕುಳಿತಿದ್ದಾರೆ ಎಂಬುದನ್ನು ಗಮನಿಸಿದಂತಿಲ್ಲ.

ಈ ನಡುವೆ ಅಂಗಳದ ಹೆಣಿಗೆಯೂ ಮೊದಲಿನಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ, ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ, ಹಾಡಿಗಳಿಗೆ ಬಿದಿರು ದೊರೆಯುವುದು ಕಷ್ಟವಾಯಿತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿ ಅದರ ಮೇಲಿನ ಹಕ್ಕನ್ನು ಮಾನ್ಯಮಾಡಿದೆ. ಕಾಡಿನಿಂದ ಹೊರಗೆ ಪುನರ್ವಸತಿಗೊಂಡ ಕುಟುಂಬಗಳಿಗೆ ಕಾಗದದ ಮೇಲಿನ ಹಕ್ಕು ಬಿದಿರಿನ ಮೆಳೆಯನ್ನು ತಂದುಕೊಡಲಾರದು. ಮೊರದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ಈಚಲು ಚಾಪೆಯ ಜಾಗಕ್ಕೂ ಅದೇ ಬಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಂಥ ಕಡೆ ಇಂಥ ವಸ್ತುಗಳು ಉಳಿದಿರಬಹುದು. ಅವುಗಳನ್ನು ಹೆಣೆಯುವ ಕ್ರಮವು ವಸ್ತುವಿನ ಜೊತೆಗೆ ಗಾಜಿನ ಪೆಟ್ಟಿಗೆಯೊಳಗೆ ಸೇರುವುದಿಲ್ಲ. ಬುಟ್ಟಿ ಹೆಣೆಯಬಲ್ಲ ಹಿರಿಯರು ಹಾಡಿಗಳಲ್ಲಿ ಇರುವಷ್ಟು ಕಾಲ, ಅವರ ಮೊಮ್ಮಕ್ಕಳು ಕೂರುವ ತರಗತಿಯಲ್ಲಿ ಕಾಗದದ ಪಟ್ಟಿಗಳು ಸಿಗುವಷ್ಟು ಕಾಲ, ಆ ಕ್ರಮವನ್ನು ಕಾಗದಕ್ಕೆ ಇಳಿಸಿಕೊಳ್ಳುವ ಅವಕಾಶ ಉಳಿದಿದೆ: ಒಂಬತ್ತು ಪಟ್ಟಿಗಳನ್ನು ನಕ್ಷತ್ರದಂತೆ ಹರಡಿ, ನಡುವಿನಿಂದ ಒಂದೇ ಪಟ್ಟಿಯನ್ನು ಸುತ್ತುತ್ತ ಹೋಗುವುದು, ಹತ್ತರಲ್ಲಿ ಅದೇಕೆ ಕೂಡಿಬರುವುದಿಲ್ಲವೆಂದು ಮಗುವಿಗೇ ಬಿಚ್ಚಿ ನೋಡಲು ಬಿಡುವುದು.